ನನಗೇ ಗೊತ್ತಾಗುವ ಮೊದಲು ಅಮ್ಮನಿಗೆ ಏನೆಂದು ಹೇಳಲಿ?

ಎಡಿಸನ್ನಿನವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಬರಹಗಳನ್ನು ಬಹಳ ದಿನಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನನಗೀಗ 28 ವರ್ಷ. 2008ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಅಪ್ಪ ಅಮ್ಮನ ಜೊತೆ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದೆ. ಈಗ ಅವರ ಮನೆಯಿಂದ ಇಪ್ಪತ್ತು ನಿಮಿಷ ದೂರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ. ಒಂದೂವರೆ ವರ್ಷದಿಂದ ಒಬ್ಬ ಹುಡುಗನ ಪರಿಚಯವಿದೆ. "ಪರಿಚಯ" ಎಂದು ಬರೆದು ನಾನೇ ನಕ್ಕೆ. ಅದಕ್ಕೆ ಸರಿಹೊಂದುವ ಮಾತು ಕನ್ನಡದಲ್ಲಿ ನನಗೆ ಸಿಗಲಿಲ್ಲ, ನನ್ನ ಪ್ರಶ್ನೆಯ ಅರ್ಧಭಾಗವೂ ಅದೇ ಆಗಿದೆ.

ನಮ್ಮ ಮನೆಯಲ್ಲಿ ಬಳಕೆಯಲ್ಲಿರುವ ಮಾತುಗಳನ್ನೇ ನೋಡಿ. "ಸಂಬಂಧ ಬಂದಿದೆ", "ಹುಡುಗನ್ನ ನೋಡ್ತಿದೀವಿ", "ಮಾತುಕತೆ ಆಗಿದೆ", "ನಿಶ್ಚಯ ಆಯ್ತು" ಎನ್ನುವುದೆಲ್ಲ ಹಿರಿಯರು ಹಾಕಿಕೊಟ್ಟ ದಾರಿಯ ಮೈಲಿಗಲ್ಲುಗಳು. ಆ ದಾರಿ ಬಿಟ್ಟವರಿಗೆ "ಲವ್ ಮ್ಯಾರೇಜ್" ಎಂಬ ಮಾತುಂಟು, ಅದೂ ಎಲ್ಲ ಮುಗಿದು ಛತ್ರ ಗೊತ್ತುಮಾಡಿದ ಮೇಲೆ ಆಡುವ ಮಾತು. ಇವೆರಡರ ನಡುವೆ, ಈ ಮನುಷ್ಯನ ಜೊತೆ ಬದುಕಬಹುದೇ ಎಂದು ನಿಧಾನವಾಗಿ ತಿಳಿದುಕೊಳ್ಳುತ್ತಿರುವ, ಇನ್ನೂ ಯಾವುದೂ ತೀರ್ಮಾನವಾಗದ ಕಾಲಕ್ಕೆ ನಮ್ಮಲ್ಲಿರುವ ಶಬ್ದ ಒಂದೇ: "ಓಡಾಡುವುದು". "ಅವರ ಮಗಳು ಯಾರ ಜೊತೆಗೋ ಓಡಾಡ್ತಿದಾಳಂತೆ" ಎನ್ನುವಾಗ ಅಮ್ಮ ದನಿ ತಗ್ಗಿಸುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನಿಶ್ಚಿತಾರ್ಥವಾದ ಮರುದಿನ ಅದೇ ಓಡಾಟಕ್ಕೆ ಅವಳೇ "ಹೊರಗೆ ಹೋಗಿ ಬನ್ನಿ, ಒಬ್ಬರನ್ನೊಬ್ಬರು ಅರ್ಥ ಮಾಡ್ಕೊಳ್ಳಿ" ಎಂದು ಕಳಿಸಿಕೊಡುತ್ತಾಳೆ. ಅರ್ಥಮಾಡಿಕೊಳ್ಳುವ ಕೆಲಸ ತೀರ್ಮಾನವಾದ ಮೇಲೆಯೇ ಏಕೆ ಶುರುವಾಗಬೇಕು ಎಂಬುದು ನನಗೆ ಈವರೆಗೂ ಅರ್ಥವಾಗಿಲ್ಲ.

ಹುಡುಗ ಮಲಯಾಳಿ ಕ್ರೈಸ್ತ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಹುಟ್ಟಿ ಬೆಳೆದವನು. ಅವನ ತಾಯಿ ಕೇರಳದಿಂದ ನರ್ಸ್ ಆಗಿ ಒಬ್ಬರೇ ಬಂದು, ಕೆಲಸ ಹಿಡಿದು, ಆಮೇಲೆ ಗಂಡನನ್ನು ಕರೆಸಿಕೊಂಡವರು. 1965ರ ವಲಸೆ ಕಾನೂನು ಬಂದ ನಂತರ ಇಲ್ಲಿನ ಆಸ್ಪತ್ರೆಗಳಿಗೆ ನರ್ಸ್‌ಗಳು ಬೇಕಾಗಿದ್ದ ಕಾಲದಿಂದ ಕೇರಳದ ಹೆಣ್ಣುಮಕ್ಕಳು ಹೀಗೆ ಬರುತ್ತಲೇ ಇದ್ದಾರಂತೆ. ನಮ್ಮ ಮನೆಯಲ್ಲಿ ಅಮ್ಮ ಅಪ್ಪನ ವೀಸಾದ ಹಿಂದೆ ಬಂದವಳು, ಅವರ ಮನೆಯಲ್ಲಿ ಅಪ್ಪ ಅಮ್ಮನ ಹಿಂದೆ ಬಂದವರು. ಅವನು ಪಾತ್ರೆ ತೊಳೆಯುವುದನ್ನು ಸಹಾಯ ಎಂದುಕೊಳ್ಳದೆ ಕೆಲಸ ಎಂದುಕೊಳ್ಳುತ್ತಾನೆ. ಅದರ ಮೂಲ ಬಹುಶಃ ಅಲ್ಲಿದೆ.

ಇದರ ಮೇಲೆ ವೀಸಾ ಬೇರೆ. ಅಪ್ಪನ ಗ್ರೀನ್ ಕಾರ್ಡಿನ ಸರದಿ ಬರುವ ಮೊದಲೇ 2018ರಲ್ಲಿ ನನಗೆ 21 ತುಂಬಿತು. ಅಲ್ಲಿಗೆ ನಾನು ಕಾನೂನಿನ ಲೆಕ್ಕದಲ್ಲಿ ಅವರ ಮಗುವಾಗಿ ಉಳಿಯದೆ, ಎಚ್‌-4 ಎಂಬ ಅವಲಂಬಿತರ ವೀಸಾ ಬಿಟ್ಟು ವಿದ್ಯಾರ್ಥಿ ವೀಸಾಕ್ಕೆ, ಅಲ್ಲಿಂದ ಲಾಟರಿಯಲ್ಲಿ ಹೆಸರು ಬಂದು ಎಚ್‌-1ಬಿ ಎಂಬ ಕೆಲಸದ ವೀಸಾಕ್ಕೆ ದಾಟಿದೆ. ಅಪ್ಪ, ಅಮ್ಮ, ತಮ್ಮ ಮೂವರಿಗೂ ಗ್ರೀನ್ ಕಾರ್ಡ್ ಬಂದಿದೆ, ನಾನು ಮಾತ್ರ ಸಾಲಿನ ಬಾಲಕ್ಕೆ ಹೋಗಿ ನಿಂತಿದ್ದೇನೆ. ಹಾಗಾಗಿ ಅಮ್ಮ ಮದುವೆಯ ಜಾಲತಾಣದಲ್ಲಿ ನನ್ನ ವಿವರ ಹಾಕುವಾಗ ಗೋತ್ರ, ನಕ್ಷತ್ರದ ಜೊತೆಗೆ "ಸಿಟಿಜನ್ ವರನಿಗೆ ಆದ್ಯತೆ" ಎಂದೂ ಸೇರಿಸಿದ್ದಾಳೆ. ನನ್ನ ಹುಡುಗ ಆ ಒಂದು ಅಂಕಣದಲ್ಲಿ ಪೂರ್ತಿ ಪಾಸು, ಉಳಿದೆಲ್ಲದರಲ್ಲೂ ಫೇಲು. ಇತ್ತ, ನಾಳೆ ಮದುವೆಯೇ ಆದರೆ ನಾನು ಕಾರ್ಡಿಗಾಗಿ ಹಿಡಿದುಕೊಂಡೆ ಎಂದು ಅವನ ಕಡೆಯವರು ಅಂದಾರು ಎಂಬ ಅಳುಕು ನನ್ನದು.

23 ವರ್ಷದ ನನ್ನ ತಮ್ಮನ "ಫ್ರೆಂಡ್" ಕಳೆದ ಯುಗಾದಿಗೆ ನಮ್ಮ ಮನೆಗೆ ಬಂದು ಒಬ್ಬಟ್ಟು ತಿಂದು, ಅಮ್ಮನ ಕೈಯಿಂದ ಡಬ್ಬಿ ಕಟ್ಟಿಸಿಕೊಂಡು ಹೋದಳು. ಯಾರೂ ಏನೂ ಕೇಳಲಿಲ್ಲ.

ಮದುವೆಯಾಗುತ್ತೇನೆ ಎಂದು ಗಟ್ಟಿಯಾಗುವವರೆಗೆ ಬಾಯಿ ಬಿಡದಿರುವುದು ಸರಿಯೇ, ಅಥವಾ "ಒಬ್ಬನಿದ್ದಾನೆ, ಏನಾಗುತ್ತದೋ ನನಗೂ ಗೊತ್ತಿಲ್ಲ" ಎಂದು ಈಗಲೇ ಹೇಳಿಬಿಡಬೇಕೇ? ಹೇಳಿದವರು ಏನೆಂದು ಹೇಳಿದಿರಿ? ಪ್ರತಿ ಭಾನುವಾರ ವಾಟ್ಸ್ಆ್ಯಪ್‌ಗೆ ಹೊಸ ಹುಡುಗನ ಬಯೋಡೇಟಾ ಬರುತ್ತಿದೆ, ನಾನು "ನೋಡ್ತೀನಮ್ಮ" ಎನ್ನುತ್ತಿದ್ದೇನೆ. ಆ ಸುಳ್ಳು ಸಾಕಾಗಿದೆ.

ಫ್ರೀಮಾಂಟಿನ ಅಮ್ಮ

ನೀನು ನನ್ನ ದೊಡ್ಡ ಮಗಳ ವಯಸ್ಸಿನವಳು, ಏಕವಚನದಲ್ಲಿ ಬರೆಯುತ್ತೇನೆ, ತಪ್ಪು ತಿಳಿಯಬೇಡಮ್ಮ. ನಿನಗೆ ಉತ್ತರ ಹೇಳುವ ಮೊದಲು ನಿನ್ನ ತಾಯಿಯ ಜಾಗದಲ್ಲಿ ನಿಂತವಳಾಗಿ ಸ್ವಲ್ಪ ಹೇಳಿಕೊಳ್ಳಬೇಕಿದೆ.

ನಾನು 1996ರಲ್ಲಿ ಹಾಸನದಿಂದ ಎಚ್‌-4ನಲ್ಲಿ ಬಂದೆ. ಆಗ ಆ ವೀಸಾದವರು ಕೆಲಸ ಮಾಡುವಂತಿರಲಿಲ್ಲ. ನಮ್ಮಂಥವರಲ್ಲಿ ಕೆಲವರಿಗಾದರೂ ಅನುಮತಿ ಸಿಗತೊಡಗಿದ್ದು 2015ರಲ್ಲಿ. ಎಂ.ಎಸ್ಸಿ. ಮಾಡಿದ್ದ ನಾನು ವರ್ಷಗಟ್ಟಲೆ ಮನೆಯಲ್ಲಿ ಕೂತೆ. ಕಾರು ಓಡಿಸಲು ಬರುತ್ತಿರಲಿಲ್ಲ, ನನ್ನದೆಂಬ ಬ್ಯಾಂಕ್ ಖಾತೆ ಇರಲಿಲ್ಲ, ನನ್ನನ್ನು ಹೆಸರು ಹಿಡಿದು ಕರೆಯುವವರು ಇದ್ದದ್ದು ಕನ್ನಡ ಕೂಟದಲ್ಲಿ ಮಾತ್ರ. ಅಲ್ಲಿ ಗಂಡಸರ ಬೆಲೆ ಅವರ ಕಂಪನಿಯಿಂದ, ನಮ್ಮ ಬೆಲೆ ಮಕ್ಕಳಿಂದ. ಮಗಳು ರಾಜ್ಯೋತ್ಸವದ ದಿನ ವೇದಿಕೆ ಹತ್ತಿ ವಚನ ಹಾಡಿದರೆ ಅದು ನನ್ನ ಸಂಬಳ, ಯಾರ ಜೊತೆಗೋ ಮಾಲಿನಲ್ಲಿ ಕಾಣಿಸಿಕೊಂಡಳು ಎಂದರೆ ಸಂಬಳ ಕಡಿತ. ಇದನ್ನು ನಾನು ಸಮರ್ಥಿಸುತ್ತಿಲ್ಲ. ನಾಲ್ಕು ಜನ ಏನನ್ನುತ್ತಾರೆ ಎಂದು ನಿಮ್ಮ ಅಮ್ಮ ಹೆದರುವಾಗ ನಿಮಗೆ ಅದು ಹಳೆಯ ಕಾಲದ ಮೌಢ್ಯದಂತೆ ಕಾಣುತ್ತದೆ, ಆದರೆ ಅವಳಿಗೆ ಈ ದೇಶದಲ್ಲಿ ಬಹಳ ವರ್ಷ ಇದ್ದದ್ದೇ ಆ ನಾಲ್ಕು ಜನ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಾವು ಊರು ಬಿಟ್ಟ ದಿನ ಗಡಿಯಾರ ಎಷ್ಟು ತೋರಿಸುತ್ತಿತ್ತೋ ಅದೇ ಊರಿನ ಸಮಯ ಎಂದು ನಂಬಿಕೊಂಡು ಬಂದೆವು. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಐದು ವರ್ಷದ ಹಿಂದೆ ಜೊತೆಯಲ್ಲಿ ಕೆಲಸ ಮಾಡುವ ಒಡಿಯಾ ಹುಡುಗನನ್ನು ಮನೆಗೆ ಕರೆತಂದಾಗ ನನ್ನ ತಂಗಿ "ಊಟಕ್ಕೆ ಏನು ಮಾಡಲಿ" ಎಂದು ಕೇಳಿದಳಂತೆ. ಆ ಸುದ್ದಿ ಕೇಳಿ ಕ್ಯಾಲಿಫೋರ್ನಿಯಾದಲ್ಲಿ ಕೂತ ನಾನು "ಬೆಂಗಳೂರು ಕೆಟ್ಟುಹೋಯ್ತು" ಎಂದೆ! ಊರು ಮುಂದೆ ಹೋಗಿತ್ತು, 1996ರ ಹಾಸನವನ್ನು ಕಾಯುತ್ತಾ ಕೂತವಳು ನಾನೊಬ್ಬಳೇ.

ನನ್ನ ದೊಡ್ಡವಳು ಎರಡು ವರ್ಷ ಮುಚ್ಚಿಟ್ಟು ಒಂದು ದಿನ ನಮ್ಮಿಬ್ಬರನ್ನೂ ಸೋಫಾದ ಮೇಲೆ ಕೂರಿಸಿ, ತಾನು ಎದುರು ಕೂತು, ಕಚೇರಿಯ ಮೀಟಿಂಗಿನ ಹಾಗೆ "ನಾವು ಮದುವೆಯಾಗುತ್ತಿದ್ದೇವೆ" ಎಂದಳು. ಹುಡುಗ ಪಂಜಾಬಿ, ಒಳ್ಳೆಯವನು. ನಾನು ಮೂರು ದಿನ ಅತ್ತೆ. ಎಲ್ಲರೂ ಜಾತಿಗಾಗಿ ಅತ್ತೆ ಎಂದುಕೊಂಡರು, ಸ್ವಲ್ಪ ಅದೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹೆಚ್ಚು ಸುಟ್ಟದ್ದು, ಬೆಂಗಳೂರಿನ ತಂಗಿಯ ಮಗಳಿಗೆ ಇದು ಮೊದಲ ದಿನದಿಂದ ಗೊತ್ತಿತ್ತು ಎಂಬುದು. "ಮೊದಲೇ ಯಾಕೆ ಹೇಳಲಿಲ್ಲ" ಎಂದು ಮಗಳನ್ನು ಕೇಳಿದರೆ ಅವಳು ಹೇಳಿದ್ದು ಇಷ್ಟು: "ಮೊದಲೇ ಹೇಳಿದ್ದರೆ ಮದುವೆ ಯಾವಾಗ ಅಂತ ಕೇಳ್ತಿದ್ದೆ. ಇಲ್ಲದಿದ್ದರೆ ಬಿಡು ಅಂತಿದ್ದೆ. ಮೂರನೇದು ನಿನ್ನ ಹತ್ತಿರ ಇರಲಿಲ್ಲಮ್ಮ." ಅದು ನಿಜ. ಮೂರನೆಯದು ನನ್ನ ಹತ್ತಿರ ಇರಲಿಲ್ಲ. ಬಚ್ಚಿಡುವುದನ್ನು ಅವಳಿಗೆ ಕಲಿಸಿದವಳು ನಾನೇ, ಬಚ್ಚಿಟ್ಟಳೆಂದು ಅತ್ತವಳೂ ನಾನೇ.

ಆದ್ದರಿಂದ ನನ್ನ ಮಾತು: ಹೇಳು, ಆದರೆ ತೀರ್ಪಿನ ಹಾಗೆ ಹೇಳಬೇಡ, ಸುದ್ದಿಯ ಹಾಗೆ ಹೇಳು. ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡ. ಗಂಡನ ಮುಂದೆ ಹೆಂಡತಿ ತಾಯಿಯಾಗಿ ಉಳಿಯುವುದಿಲ್ಲ, ಮಗಳನ್ನು ಬೆಳೆಸಿದ್ದಕ್ಕೆ ಲೆಕ್ಕ ಒಪ್ಪಿಸಬೇಕಾದವಳಾಗುತ್ತಾಳೆ. ಹಬ್ಬದ ದಿನ ಬೇಡ, ಫೋನಿನಲ್ಲಿ ಬೇಡ. ಕಾರಿನಲ್ಲಿ ಹೇಳು. ಕಾರಿನಲ್ಲಿ ಇಬ್ಬರೂ ಮುಂದೆ ನೋಡುತ್ತಿರುತ್ತೇವೆ, ಮುಖ ನೋಡುವ ಕಷ್ಟವಿಲ್ಲ, ಎದ್ದು ಒಳಗೆ ಹೋಗುವ ದಾರಿಯೂ ಇಲ್ಲ.

ಮನೆದೇವರು ಯಾವುದು (ಸಿಯಾಟಲ್)

ನನ್ನ ಹೆಸರಿನ ಜಾಗದಲ್ಲಿ ಇದನ್ನೇಕೆ ಇಟ್ಟುಕೊಂಡಿದ್ದೇನೆ ಎಂಬುದು ಇಲ್ಲಿರುವ ಕನ್ನಡಿಗರಿಗೆ ತಿಳಿಯದ್ದೇನಲ್ಲ. ಪಾಟ್‌ಲಕ್‌ನಲ್ಲಿ ಪರಿಚಯವಾದ ಐದು ನಿಮಿಷಕ್ಕೆ "ಊರಲ್ಲಿ ಯಾವ ಕಡೆ ಮನೆ", "ಮನೆದೇವರು ಯಾವುದು", "ನಾನ್‌ವೆಜ್ ತಿಂತೀರಾ" ಎಂಬ ಮೂರು ಪ್ರಶ್ನೆಗಳು ಬರುತ್ತವೆ, ಆಮೇಲೆ ನಾಲ್ಕನೆಯದನ್ನು ಯಾರೂ ಕೇಳಬೇಕಾಗುವುದಿಲ್ಲ. ನಾನು ಕೋಲಾರ ಜಿಲ್ಲೆಯ ದಲಿತ ಕುಟುಂಬದವಳು, ಎಂ.ಎಸ್. ಮಾಡಲು ಬಂದು ಇಲ್ಲೇ ಕೆಲಸಕ್ಕೆ ಸೇರಿದೆ.

ನಿಮ್ಮ ಪ್ರಶ್ನೆಯಲ್ಲಿ ಧರ್ಮದ ಮಾತು ಬಂದಿದೆ, ಜಾತಿಯ ಮಾತು "ಗೋತ್ರ" ಎಂಬ ಒಂದು ಪದದಲ್ಲಿ ಬಂದು ಹೋಗಿದೆ. ನಿಮ್ಮನ್ನು ದೂರುತ್ತಿಲ್ಲ. ಆದರೆ ಡೇಟಿಂಗ್ ಎಂದರೆ ತಂದೆತಾಯಿಯ ಲೋಕದಿಂದ ಹೊರಬಂದು ಮನುಷ್ಯನನ್ನು ಮನುಷ್ಯನಾಗಿ ನೋಡುವುದು ಎಂದು ನಮ್ಮ ವಯಸ್ಸಿನವರು ನಂಬಿದ್ದೇವೆ, ನನ್ನ ಅನುಭವ ಹಾಗಿಲ್ಲ. ದಕ್ಷಿಣ ಏಷ್ಯಾದವರಿಗೆಂದೇ ಮಾಡಿದ ಒಂದು ಆ್ಯಪ್‌ನಲ್ಲಿ ಸಿಕ್ಕ ಕನ್ನಡದ ಹುಡುಗ, ಆರು ತಿಂಗಳ ಒಡನಾಟದ ನಂತರ, "ನಂಗೇನೂ ಇಲ್ಲ, ಆದರೆ ಮನೆಯಲ್ಲಿ ಮಲಯಾಳಿನೋ ಅಮೆರಿಕನ್ನೋ ಆದರೂ ಒಪ್ಪಿಸಬಹುದು, ಇದನ್ನ ಒಪ್ಪಿಸೋಕೆ ಆಗಲ್ಲ" ಎಂದ. "ಇದನ್ನ" ಎಂದ, ಗಮನಿಸಿ. ಅವನು ಅಮೆರಿಕದಲ್ಲೇ ಹುಟ್ಟಿದವನು, ಕಾಲೇಜಿನಲ್ಲಿ ವರ್ಣಭೇದದ ವಿರುದ್ಧ ಮೆರವಣಿಗೆಗೆ ಹೋದವನು.

ಕಾರ್ನೆಗಿ ಸಂಸ್ಥೆಯವರು 2020ರಲ್ಲಿ ಭಾರತೀಯ ಅಮೆರಿಕನ್ನರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಸಂಗಾತಿ ಇರುವ ಹತ್ತರಲ್ಲಿ ಎಂಟು ಮಂದಿಯ ಸಂಗಾತಿ ಭಾರತೀಯ ಮೂಲದವರೇ ಎಂದು ಕಂಡಿತು. ಹಿಂದೂಗಳಲ್ಲಿ ಸುಮಾರು ಅರ್ಧದಷ್ಟು ಜನ ತಮಗೊಂದು ಜಾತಿಯಿದೆ ಎಂದು ಗುರುತಿಸಿಕೊಂಡರು, ಹಾಗೆ ಗುರುತಿಸಿಕೊಂಡವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿ ಮೇಲ್ಜಾತಿಯವರು. ಇಲ್ಲೇ ಹುಟ್ಟಿದವರಲ್ಲಿ ಜಾತಿ ಹೇಳಿಕೊಳ್ಳುವವರು ಕಡಿಮೆ. ಹೇಳಿಕೊಳ್ಳದೆ ಇರುವುದಕ್ಕೂ ಇಲ್ಲದೆ ಇರುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಆ ಹುಡುಗ ನನಗೆ ಕಲಿಸಿದ. 2023ರ ಫೆಬ್ರವರಿಯಲ್ಲಿ ನಮ್ಮ ಸಿಯಾಟಲ್ ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಅಂಥದೇ ಮಸೂದೆಯನ್ನು ಅಲ್ಲಿನ ಗವರ್ನರ್ ತಿರಸ್ಕರಿಸಿದರು. ಕೆಲಸ ಮತ್ತು ಬಾಡಿಗೆ ಮನೆಯವರೆಗೆ ಕಾನೂನು ಬರಬಹುದು, ಊಟದ ಮೇಜಿನವರೆಗೆ ಬರುವುದಿಲ್ಲ.

ನೀವು ಅಮ್ಮನಿಗೆ ಹೇಳುವಾಗ ಅವರು "ಕ್ರಿಶ್ಚಿಯನ್ ಆದರೂ ಪರವಾಗಿಲ್ಲ, ಮೊದಲು ಯಾವ ಪೈಕಿಯವರು ಅಂತ ಕೇಳು" ಎಂದರೆ ಆಶ್ಚರ್ಯಪಡಬೇಡಿ. ಆಗ ಏನು ಉತ್ತರ ಕೊಡುತ್ತೀರಿ ಎಂಬುದನ್ನು ಈಗಲೇ ಯೋಚಿಸಿಕೊಳ್ಳಿ, ಏಕೆಂದರೆ "ಅವರು ಒಳ್ಳೆಯ ಮನೆತನದವರೇ ಅಮ್ಮ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಕಾದಿರುತ್ತದೆ.

ಮಿಸಿಸಾಗಾದ ಅಣ್ಣ

ಚಿಕ್ಕದಾಗಿ ಬರೆಯುತ್ತೇನೆ. ನಿಮ್ಮ ತಮ್ಮನ ಸಾಲುಗಳನ್ನು ಓದಿ ನಾಚಿಕೆಯಾಯಿತು, ಏಕೆಂದರೆ ಆ ತಮ್ಮ ನಾನು. ನನಗೆ ಮನೆಗೆ ಬರುವ ಸಮಯ ಎಂದೂ ಇರಲಿಲ್ಲ, ನನ್ನ ಅಕ್ಕನಿಗೆ ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತಿತ್ತು. ಅವಳು ಗೆಳತಿಯ ಮನೆಯಲ್ಲಿದ್ದೇನೆ ಎಂದಾಗ ನಿಜವೇ ಎಂದು ಅಮ್ಮ ನನ್ನನ್ನು ಕೇಳುತ್ತಿದ್ದಳು, ನಾನು ಉತ್ತರ ಕೊಡುತ್ತಿದ್ದೆ. ನಿಮ್ಮ ತಮ್ಮನಿಗೆ 23 ವರ್ಷವಾಗಿದೆ, ಮಗುವಲ್ಲ. ಅಮ್ಮನಿಗೆ ಹೇಳುವ ಮೊದಲು ಅವನಿಗೆ ಹೇಳಿ, ಆ ದಿನ ಮನೆಯಲ್ಲಿರಲು ಹೇಳಿ. ಅವನು ವಾದ ಮಾಡಬೇಕಾಗಿಲ್ಲ. "ನನ್ನನ್ನು ಏಕೆ ಕೇಳಲಿಲ್ಲ" ಎಂಬ ಒಂದು ಪ್ರಶ್ನೆಯನ್ನು ಅವನ ಬಾಯಿಂದ ಕೇಳಿಸಿಕೊಂಡರೆ ಅದಕ್ಕೆ ಬೇರೆಯದೇ ತೂಕವಿರುತ್ತದೆ. ಹಾಗಿರುವುದು ಅನ್ಯಾಯವೇ, ಆದರೆ ಇದ್ದ ತೂಕವನ್ನು ಬಳಸಿಕೊಳ್ಳಿ.

ಜಯನಗರದ ವಕೀಲೆ

ಮದುವೆಯ ಮಾತು ಇನ್ನೂ ಇಲ್ಲವೆಂದು ಗೊತ್ತು, ಆದರೆ ಇಂಥ ಮನೆಗಳಲ್ಲಿ ಮೊದಲ ಗಂಟೆಯಲ್ಲೇ "ಅವಳನ್ನ ಮತಾಂತರ ಮಾಡ್ತಾರೆ" ಎಂಬ ಭಯ ಹೊರಬರುತ್ತದೆ. ಆ ಭಯಕ್ಕೆ ನಿಮ್ಮ ಕೈಯಲ್ಲಿ ಉತ್ತರವಿರಲಿ. ಭಾರತದಲ್ಲಿ ಹಿಂದೂ ವಿವಾಹ ಕಾಯ್ದೆ, 1955 ವಧೂವರರಿಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ದೇವಸ್ಥಾನದಲ್ಲಿ ಧಾರೆ ಎರೆಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹಿರಿಯರು ರಾಜಿ ಸೂತ್ರ ತಂದರೆ ಆ ಶಾಸ್ತ್ರವನ್ನು ಮಾಡಿಸಿಕೊಳ್ಳಿ, ಅದನ್ನೇ ಕಾನೂನಿನ ಮದುವೆ ಎಂದುಕೊಳ್ಳಬೇಡಿ. ಹಿಂದೂ ಮತ್ತು ಕ್ರೈಸ್ತರ ನಡುವೆ ಆ ಕಾಯ್ದೆಯಡಿ ಮದುವೆ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟವಾಗಿ ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಯಾರೂ ಧರ್ಮ ಬದಲಿಸಬೇಕಾಗಿಲ್ಲ, ಆದರೆ 30 ದಿನಗಳ ಮುಂಚಿನ ನೋಟಿಸನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರೆ, ಬೇಡದ ನೆಂಟರಿಗೆ ಅಷ್ಟು ಸಾಕು. ನಿಮ್ಮ ನ್ಯೂಜೆರ್ಸಿಯಲ್ಲಿ ಲೈಸೆನ್ಸಿಗೆ ಅರ್ಜಿ ಕೊಟ್ಟ ಮೇಲೆ ಕಾಯಬೇಕಾದದ್ದು 72 ಗಂಟೆ. ಧರ್ಮವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಒಂದು ಮಾತು ಕೇಳಲೇ? ಅವನು ಅವನ ಮನೆಯಲ್ಲಿ ಹೇಳಿದ್ದಾನೆಯೇ? ನೀವು ಇಷ್ಟುದ್ದ ಬರೆದಿದ್ದೀರಿ, ಅದೊಂದು ಮಾತ್ರ ಕಾಣಲಿಲ್ಲ.

ಲೆಸ್ಟರ್‌ನಿಂದ

ಇಲ್ಲಿಯವರೆಗಿನ ಉತ್ತರಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ: ಅಮ್ಮ ಅಳುತ್ತಾಳೆ, ಅಪ್ಪ ಮಾತು ಬಿಡುತ್ತಾರೆ, ಕೊನೆಗೊಮ್ಮೆ ಊಟಕ್ಕೆ ಕರೆಯುತ್ತಾರೆ. ನಿಮ್ಮ ಮನೆಯ ವಿವರ ಓದಿದರೆ ಹಾಗೇ ಆಗಬಹುದು ಎನಿಸುತ್ತದೆ. ಆದರೆ ಇದನ್ನು ಸದ್ದಿಲ್ಲದೆ ಓದುತ್ತಿರುವ ಬೇರೆ ಹುಡುಗಿಯರೂ ಇದ್ದಾರೆ, ಅವರೆಲ್ಲರಿಗೂ "ಹೇಳಿಬಿಡಿ" ಎಂಬ ಸಲಹೆ ಒಳ್ಳೆಯದಲ್ಲ.

ನಮ್ಮ ಊರು 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಹೊರಹಾಕಿದ ಏಷ್ಯನ್ನರಲ್ಲಿ ಬಹಳಷ್ಟು ಜನ ಬಂದು ನೆಲೆಸಿದ ಊರು. ಗುಜರಾತಿಗಳೇ ಹೆಚ್ಚು, ನಾವು ಕನ್ನಡದವರು ಬೆರಳೆಣಿಕೆ. ಶಾಲೆಯಲ್ಲಿ ಕೆಲಸ ಮಾಡುವ ನನಗೆ ಎಲ್ಲ ಬಗೆಯ ಮನೆಗಳ ಹೆಣ್ಣುಮಕ್ಕಳು ಪರಿಚಯ. ಬೇಸಿಗೆ ರಜೆಗೆ "ಅಜ್ಜಿಗೆ ಹುಷಾರಿಲ್ಲ" ಎಂದು ಊರಿಗೆ ಕರೆದೊಯ್ದು, ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು ಮದುವೆ ಮಾಡಿಸುವುದು ಸಿನಿಮಾದ ಕಥೆಯಲ್ಲ. ಬ್ರಿಟನ್ ಸರ್ಕಾರ 2005ರಲ್ಲಿ ಅದಕ್ಕೆಂದೇ ಒಂದು ವಿಭಾಗ ತೆರೆಯಿತು, 2007ರಲ್ಲಿ ನ್ಯಾಯಾಲಯದಿಂದ ರಕ್ಷಣಾದೇಶ ಪಡೆಯುವ ಕಾನೂನು ತಂದಿತು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರಿಂದ ಬಲವಂತದ ಮದುವೆ ಅಪರಾಧ, 2023ರ ಫೆಬ್ರವರಿಯಿಂದ ಮದುವೆಯ ಕನಿಷ್ಠ ವಯಸ್ಸು 18. 1993ರಿಂದ ಕೆಲಸ ಮಾಡುತ್ತಿರುವ ಕರ್ಮ ನಿರ್ವಾಣ ಎಂಬ ಸಂಸ್ಥೆಯವರು ಇಂಥ ಹುಡುಗಿಯರಿಗೆ ಕೊಡುತ್ತಿದ್ದ ಒಂದು ಸಲಹೆಯನ್ನು ನಾನು ಮರೆತಿಲ್ಲ: ಒಳಉಡುಪಿನಲ್ಲಿ ಒಂದು ಚಮಚ ಇಟ್ಟುಕೊಳ್ಳಿ, ವಿಮಾನ ನಿಲ್ದಾಣದ ಲೋಹಪರೀಕ್ಷೆಯಲ್ಲಿ ಅದು ಸದ್ದು ಮಾಡುತ್ತದೆ, ಆಗ ನಿಮ್ಮನ್ನು ಮನೆಯವರಿಂದ ಬೇರೆ ಮಾಡಿ ಒಳಕೋಣೆಗೆ ಕರೆದೊಯ್ಯುತ್ತಾರೆ, ಅಲ್ಲಿ ಬಾಯಿ ಬಿಡಬಹುದು. ಮನೆಯಲ್ಲಿ ಕೈ ಎತ್ತುವವರಿದ್ದರೆ, ನಿಮ್ಮ ದಾಖಲೆಗಳು ನಿಮ್ಮ ಬಳಿ ಇಲ್ಲದಿದ್ದರೆ, ಮೊದಲು ದಾಖಲೆ, ಹಣ, ಉಳಿಯಲು ಜಾಗ, ಮಾತು ಆಮೇಲೆ. ಪ್ರಶ್ನೆ ಕೇಳಿದವರ ನ್ಯೂಜೆರ್ಸಿಯಲ್ಲಿ ದಕ್ಷಿಣ ಏಷ್ಯಾದ ಹೆಂಗಸರಿಗಾಗಿ 1985ರಲ್ಲೇ ಹುಟ್ಟಿದ ಮಾನವಿ ಎಂಬ ಸಂಸ್ಥೆಯಿದೆ, ಫ್ರೀಮಾಂಟಿನವರ ಕಡೆ 1991ರಿಂದ ಮೈತ್ರಿ ಇದೆ.

ಒಂದು ಅಡ್ಡಮಾತು. ಲಂಡನ್ನಿನಲ್ಲಿ ಥೇಮ್ಸ್ ದಡದಲ್ಲಿ 2015ರ ನವೆಂಬರಿನಲ್ಲಿ ನಿಲ್ಲಿಸಿದ ಬಸವೇಶ್ವರರ ಪ್ರತಿಮೆಯ ಮುಂದೆ ನಾವೆಲ್ಲ ಫೋಟೋ ತೆಗೆಸಿಕೊಂಡಿದ್ದೇವೆ. ಕಲ್ಯಾಣದಲ್ಲಿ ಬ್ರಾಹ್ಮಣನಾಗಿದ್ದ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟು ಮದುವೆ ಮಾಡಿದ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ, ಮನೆಗೆ ಬಂದು ಮಗಳ ಬಯೋಡೇಟಾದಲ್ಲಿ ಒಳಪಂಗಡ ತುಂಬುತ್ತೇವೆ. ಆ ಕಥೆಯಲ್ಲೂ ನಮಗೆ ಬಾಯಿಪಾಠವಾಗಿರುವುದು ಇಬ್ಬರು ತಂದೆಯರ ಹೆಸರು. ಆ ಹುಡುಗಿಯನ್ನು ಯಾರಾದರೂ ಕೇಳಿದ್ದರೇ ಎಂಬುದು ನನಗೆ ಇದುವರೆಗೆ ಯಾವ ಪ್ರವಚನದಲ್ಲೂ ಕೇಳಿಸಿಲ್ಲ.

ಎಡಿಸನ್ನಿನವಳು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಎಲ್ಲರೂ ಕ್ಷಮಿಸಬೇಕು.

ವಕೀಲರ ಪ್ರಶ್ನೆಯೇ ಮೊದಲು ಚುಚ್ಚಿತು. ಅವನನ್ನು ಕೇಳಿದೆ. ಹೇಳಿರಲಿಲ್ಲ. "ನಮ್ಮ ಮನೆಯಲ್ಲಿ ಏನೂ ತೊಂದರೆಯಿಲ್ಲ" ಎಂದು ಒಂದೂವರೆ ವರ್ಷದಿಂದ ಹೇಳುತ್ತಾ ಬಂದಿದ್ದವನು, ತೊಂದರೆ ಇದೆಯೋ ಇಲ್ಲವೋ ಎಂದು ಪರೀಕ್ಷಿಸಿಯೇ ಇರಲಿಲ್ಲ. ಆ ರಾತ್ರಿ ನಮ್ಮಿಬ್ಬರಿಗೂ ಜೋರು ಜಗಳವಾಯಿತು. ಮರುದಿನ ಅವನು ತಾಯಿಗೆ ಹೇಳಿದ. ಅವರು ಕೇಳಿದ ಮೊದಲ ಪ್ರಶ್ನೆ, ಹುಡುಗಿ ಚರ್ಚಿಗೆ ಬರುತ್ತಾಳೆಯೇ ಎಂಬುದು. ಒಬ್ಬರೇ ಸಮುದ್ರ ದಾಟಿ ಬಂದು ಗಂಡನನ್ನು ಕರೆಸಿಕೊಂಡ ಆ ಹೆಂಗಸಿನ ಬಗ್ಗೆ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಚಿತ್ರ ಸ್ವಲ್ಪ ತಿದ್ದಿಕೊಂಡಿದೆ. ಅವರೂ ಒಬ್ಬ ಅಮ್ಮ.

ಫ್ರೀಮಾಂಟಿನ ಅಮ್ಮ ಹೇಳಿದಂತೆ ಕಾರಿನಲ್ಲೇ ಹೇಳಿದೆ. ಬ್ರಿಡ್ಜ್‌ವಾಟರ್ ದೇವಸ್ಥಾನದಿಂದ ಹಿಂತಿರುಗುವಾಗ, ಅಮ್ಮನ ತೊಡೆಯ ಮೇಲೆ ಪ್ರಸಾದದ ಪುಳಿಯೋಗರೆ ಇತ್ತು. "ಒಬ್ಬ ಹುಡುಗನ ಜೊತೆ ಓಡಾಡ್ತಿದೀನಮ್ಮ. ಮದುವೆ ಆಗ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ಬೇರೆಯವರಿಂದ ಕೇಳಬಾರದು ಅಂತ ನಿನಗೆ ಹೇಳ್ತಿದೀನಿ." ಆ ಶಬ್ದವನ್ನೇ ಬೇಕೆಂದು ಬಳಸಿದೆ, ಬೇರೆ ಶಬ್ದ ಹುಡುಕುತ್ತಾ ಕೂತಿದ್ದರೆ ಇನ್ನೂ ಒಂದು ವರ್ಷ ಬೇಕಾಗುತ್ತಿತ್ತು. ಅಮ್ಮ ಎರಡು ಎಕ್ಸಿಟ್ ದಾಟುವವರೆಗೆ ಮಾತಾಡಲಿಲ್ಲ. ಆಮೇಲೆ "ಎಷ್ಟು ದಿನದಿಂದ" ಎಂದಳು. ಹೇಳಿದೆ. "ಹಂಗಾದ್ರೆ ನಾನು ಕಳಿಸಿದ ಹುಡುಗರನ್ನೆಲ್ಲ ನೀನು ನೋಡೇ ಇಲ್ಲ" ಎಂದಳು. ಹೌದೆಂದೆ. ಅವಳಿಗೆ ಅಳು ಬಂದದ್ದು ಆಗ. ಪ್ರತಿ ಶನಿವಾರ ರಾತ್ರಿ ಕನ್ನಡಕ ಹಾಕಿಕೊಂಡು ಆ ಜಾಲತಾಣದಲ್ಲಿ ಒಬ್ಬೊಬ್ಬರದೇ ವಿವರ ಓದಿ, ನನಗೆ ಹೊಂದಬಹುದು ಎನಿಸಿದವರನ್ನು ಆರಿಸುತ್ತಿದ್ದಳಂತೆ.

ಸಿಯಾಟಲ್‌ನವರಿಗೆ ಹೇಳಬೇಕಾದದ್ದು: ಪ್ರಶ್ನೆ ಬಂತು. "ಅವರಲ್ಲೂ ಮೇಲಿನವರು ಕೆಳಗಿನವರು ಇರ್ತಾರಂತೆ" ಎಂದಳು. ನೀವು ಬರೆದ ಉತ್ತರ ನಾಲಿಗೆಯ ತುದಿಗೆ ಬಂದೇ ಬಂತು, ನುಂಗಿಕೊಂಡೆ. "ಕೇಳಿಲ್ಲ, ಕೇಳಲ್ಲ" ಎಂದೆ. ಅದರಿಂದ ನಾನು ದೊಡ್ಡವಳಾದೆ ಎಂದೇನಿಲ್ಲ. ನುಂಗಿಕೊಳ್ಳಬೇಕಾಯಿತು ಎಂಬುದೇ ನನಗೆ ಬುದ್ಧಿ ಹೇಳಿತು.

ತಮ್ಮನಿಗೆ ಮೊದಲೇ ಹೇಳಿದ್ದೆ. ಅವನು ಮನೆಯಲ್ಲಿದ್ದ, ಆದರೆ ಇಡೀ ಸಂಜೆ ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದ.

ಜಾಲತಾಣದಲ್ಲಿ ನನ್ನ ವಿವರ ಈಗಲೂ ಇದೆ, ಅಮ್ಮ ತೆಗೆದಿಲ್ಲ, ಆದರೆ ಎರಡು ಭಾನುವಾರದಿಂದ ಯಾವ ಬಯೋಡೇಟಾವೂ ಬಂದಿಲ್ಲ. ಅಪ್ಪನಿಗೆ ಹೇಳಲು ಹೊರಟರೆ ಅವಳೇ ತಡೆದಳು: "ಈಗ ಬೇಡ, ದಸರಾ ಕಳೀಲಿ, ನಾನೇ ನೋಡಿ ಹೇಳ್ತೀನಿ." ನಿನ್ನೆ ಅಪ್ಪ ಎದುರಿಗಿದ್ದಾಗ ನನ್ನ ಫೋನ್ ಹೊಡೆದುಕೊಂಡಿತು, ಪರದೆಯ ಮೇಲೆ ಅವನ ಹೆಸರು ಬಂತು, ನಾನು ಕೈ ಚಾಚುವ ಮೊದಲೇ ಅಮ್ಮ ಫೋನನ್ನು ಮಗುಚಿಟ್ಟು "ಆಫೀಸಿಂದು" ಎಂದಳು.